ಹುಕುಮಿನ ಮದ್ದು

1999ರ ಜನವರಿ 3ರಂದು ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣದಲ್ಲಿ ಸ್ಕಿಜೋಫ್ರೇನಿಯಾ ಇದ್ದ ವ್ಯಕ್ತಿಯೊಬ್ಬ ಕೆಂಡ್ರಾ ವೆಬ್‌ಡೇಲ್ ಎಂಬ ಯುವತಿಯನ್ನು ರೈಲಿನ ಮುಂದೆ ತಳ್ಳಿ ಕೊಂದ. ಅದೇ ವರ್ಷ ಆಕೆಯ ಹೆಸರಿನ ಕಾನೂನು ಬಂತು. ಚಿಕಿತ್ಸೆ ಬಿಟ್ಟು ಪದೇ ಪದೇ ಆಸ್ಪತ್ರೆ ಸೇರಿದ ಅಥವಾ ಹಿಂಸೆಗಿಳಿದ ರೋಗಿಗೆ, ಊರೊಳಗೇ ಇದ್ದು ಚಿಕಿತ್ಸೆ ಪಡೆಯುವಂತೆ ನ್ಯಾಯಾಲಯ ಹುಕುಂ ಮಾಡಬಹುದು. ತಪ್ಪಿಸಿದರೆ ಬಲವಂತವಾಗಿ ಮದ್ದು ಕುಡಿಸುವಂತಿಲ್ಲ. ಪರೀಕ್ಷೆಗೆಂದು 72 ಗಂಟೆಯವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಹುದು.

ತಳ್ಳಿದವನು ಆಗಾಗ ಮದ್ದು ಬಿಟ್ಟಿದ್ದು ನಿಜ. ಆದರೆ ತಾನೇ ಆಸ್ಪತ್ರೆಗಳ ಬಾಗಿಲು ತಟ್ಟಿದವನೂ ಅವನೇ. ಕೆಲವು ದಿನ ಇಟ್ಟುಕೊಂಡು ಹೊರಗೆ ಕಳಿಸುತ್ತಿದ್ದರು. ಇದನ್ನು ನಾವೆಲ್ಲ ಬೇಗ ಮರೆಯುತ್ತೇವೆ.

ಇಂಥ ಆದೇಶಕ್ಕೆ ಒಳಗಾದ ರೋಗಿಗಳನ್ನು ಬೇರೆ ಬೇರೆ ದೇಶಗಳಲ್ಲಿ ಮಾತಾಡಿಸಿದ್ದಾರೆ. ಉತ್ತರ ಒಂದೇ ಅಲ್ಲ. ಆಸ್ಪತ್ರೆಯ ಬೀಗಕ್ಕಿಂತ ಇದು ವಾಸಿ ಎನ್ನುವವರಿದ್ದಾರೆ. ಕೊನೆಗೂ ಯಾರೋ ಬಂದು ವಿಚಾರಿಸಿದರು ಎನ್ನುವವರಿದ್ದಾರೆ. ಸದಾ ಬೆನ್ನ ಮೇಲೆ ಕಣ್ಣಿದೆ ಎಂಬ ಸಂಕಟ ಹೇಳಿಕೊಂಡವರೂ ಇದ್ದಾರೆ. ಮದ್ದಿನಿಂದ ಮೈ ಭಾರವಾಗುತ್ತದೆ, ಕೈ ನಡುಗುತ್ತದೆ ಎಂದರೆ ಅದನ್ನೂ ರೋಗದ ಲೆಕ್ಕಕ್ಕೆ ಬರೆದುಕೊಂಡರಂತೆ. ಯಾವುದನ್ನು ನಿರಾಕರಿಸಬಹುದು ಎಂಬುದೇ ಹಲವರಿಗೆ ತಿಳಿದಿರಲಿಲ್ಲ.

ನ್ಯೂಯಾರ್ಕಿನಲ್ಲಿ ಆದೇಶದ ನಂತರ ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಆದರೆ ಆದೇಶದೊಂದಿಗೆ ಹೆಚ್ಚಿನ ಆರೈಕೆಯೂ ಬಂದಿತ್ತು, ಗುಣ ಯಾವುದರದು? ಇಂಗ್ಲೆಂಡಿನಲ್ಲಿ ಇಂಥ ಆದೇಶ ಕೊಡುವವರು ವೈದ್ಯರೇ. ಅಲ್ಲಿ 336 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆದೇಶವಿದ್ದವರೂ ಇಲ್ಲದವರೂ ಶೇ. 36ರಷ್ಟೇ ಮರಳಿ ಆಸ್ಪತ್ರೆ ಸೇರಿದ್ದರು. ಕೇಳಿ ಬಂದವನಿಗೆ ಸಿಗದ ಆರೈಕೆ ಹುಕುಮಿನ ಬೆನ್ನಿಗೆ ಬರುತ್ತದೆಂದರೆ, ಹುಕುಂ ಆಗಬೇಕಾದ್ದು ಯಾರ ಮೇಲೆ?

ನಮ್ಮ ದೇಶದಲ್ಲಿ ಈ ಪದ್ಧತಿ ಇಲ್ಲ. ಬಲವಂತ ಮಾತ್ರ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಹರಕೆ ಹೊತ್ತು ತಂದು ಸರಪಳಿಯಲ್ಲಿ ಕಟ್ಟಿದ್ದ 28 ಮಂದಿ ಬೆಂಕಿಯಲ್ಲಿ ತೀರಿಕೊಂಡರು. ಮನೆಗಳಲ್ಲಿ ಚಹಾದಲ್ಲೋ ಸಾರಿನಲ್ಲೋ ಮಾತ್ರೆ ಅರೆದು ಹಾಕುವುದುಂಟು. ಹಾಕುವ ಅಮ್ಮಿಯ ಕೈಯಲ್ಲಿ ಕೇಡಿಲ್ಲ; ರಾತ್ರಿಯೆಲ್ಲ ಎದ್ದು ಕೂತವಳು ಅವಳೇ. ಆದರೂ ಸತ್ಯ ಗೊತ್ತಾದ ದಿನ ಮಗ ಅವಳ ಕೈಯ ಅನ್ನವನ್ನು ಹೇಗೆ ಉಣ್ಣಬೇಕು?

ಶರೀಅತ್ತು ಬುದ್ಧಿ ಕದಡಿದವನಿಂದ ನಮಾಜು, ರೋಜಾಗಳ ಹೊಣೆ ಇಳಿಸುತ್ತದೆ. ಹೊಣೆ ಇಳಿಸಿತೆಂದು ನಾವು ಅವನ ಮಾತನ್ನೂ ಇಳಿಸಿಬಿಟ್ಟಿದ್ದೇವೆ. ಬುದ್ಧಿ ತಿಳಿಯಾದಾಗ ಹೊಣೆ ಮರಳುತ್ತದೆ, ಮಾತು ಮರಳುವುದಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಕಾಯಿಲೆ ಬಿದ್ದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಏನು ಮಾಡಬಾರದು ಎಂದು ವಯಸ್ಕರು ಮೊದಲೇ ಬರೆದಿಡಬಹುದು, ತನ್ನ ಪರವಾಗಿ ನಿಲ್ಲುವವರನ್ನೂ ಹೆಸರಿಸಬಹುದು. ಮೆಹರಿನ ಕಾಗದವನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುವ ನಮ್ಮ ಮನೆಗಳಲ್ಲಿ ಈ ಕಾಗದವನ್ನು ಕಂಡವರು ಎಷ್ಟು ಮಂದಿ?