ಮಿತಿ ಏರಿಸಿದವರ ಪ್ರಕರಣ

ವರ್ತೂರಿನಾಚೆಯ ಒಂದು ಅಪಾರ್ಟ್‌ಮೆಂಟ್. ನಾಲ್ಕು ಮಹಡಿ, 48 ಮನೆ. ಇದ್ದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಬತ್ತಿ ವರ್ಷಗಳಾದವು, ಇನ್ನೊಂದು ಅರ್ಧ ಗಂಟೆ ನೀರು ಕೊಟ್ಟು ಗಾಳಿ ಉಗುಳುತ್ತದೆ. ಸಂಪು ತುಂಬುವುದು ಟ್ಯಾಂಕರಿನಿಂದ. ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಈ ಪ್ರಕರಣ ನಡೆದದ್ದು ಅದಕ್ಕೂ ಮುಂಚೆ, ಅದೇ ವರ್ಷದ ಜನವರಿಯಿಂದ ಏಪ್ರಿಲ್‌ವರೆಗೆ, ಬೆಂಗಳೂರು ನೀರಿಗಾಗಿ ಬಾಯಿ ಬಾಯಿ ಬಿಟ್ಟ ಬೇಸಿಗೆಯಲ್ಲಿ. ಹೆಸರುಗಳು ಬೇಡ. ಮೂರನೇ ಮಹಡಿಯಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಅವರ ಮನೆಯ ಕೆಳಗೇ ಒಬ್ಬ ನಿವೃತ್ತ ಶಿಕ್ಷಕಿ. ಇಷ್ಟು ಸಾಕು.

ಎಂಜಿನಿಯರರಿಗೆ ಮನೆಯನ್ನು ಮೊಬೈಲಿನಿಂದ ನಡೆಸುವ ಹುಚ್ಚು. ಹುಚ್ಚು ಎಂದೆನಾದರೂ ನೀರಿನ ವಿಷಯದಲ್ಲಿ ಅವರ ಏರ್ಪಾಡು ಅಚ್ಚುಕಟ್ಟಾಗಿಯೇ ಇತ್ತು. ವಾಷಿಂಗ್ ಮೆಷಿನ್ನಿನ ಹಿಂದೆ, ಸಿಂಕಿನ ಕೆಳಗೆ, ಆರ್‌ಒ ಫಿಲ್ಟರಿನ ಅಡಿಯಲ್ಲಿ ಬೆಂಕಿಪೊಟ್ಟಣದ ಗಾತ್ರದ ಸೆನ್ಸರ್‌ಗಳನ್ನು ಇಟ್ಟಿದ್ದರು. ಅವುಗಳ ತಳದಲ್ಲಿ ಎರಡು ಲೋಹದ ಮೊನೆಗಳಿರುತ್ತವೆ. ನೆಲದ ಮೇಲೆ ಹರಡಿದ ನೀರು ಎರಡನ್ನೂ ಮುಟ್ಟಿದ ಕೂಡಲೇ ಸಣ್ಣದೊಂದು ವಿದ್ಯುತ್ ಹರಿದು ಸುದ್ದಿ ಮೊಬೈಲಿಗೆ ಹೋಗುತ್ತದೆ.

ನೆಲದ ಮೇಲಿನ ಸೆನ್ಸರಿಗೆ ಕಾಣುವುದು ನೆಲದ ಮೇಲಿನ ನೀರು ಮಾತ್ರ. ನಮ್ಮ ಬಚ್ಚಲುಮನೆಗಳು ಸೋರುವುದು ನೆಲದ ಅಡಿಯಲ್ಲಿ. ಬಚ್ಚಲಿನ ಸ್ಲ್ಯಾಬನ್ನು ಉಳಿದ ಕೋಣೆಗಳಿಗಿಂತ ತಗ್ಗಿಸಿ ಹಾಕುತ್ತಾರೆ. ಮೇಸ್ತ್ರಿಗಳು ಅದಕ್ಕೆ ಸಂಕನ್ ಸ್ಲ್ಯಾಬ್ ಅನ್ನುತ್ತಾರೆ. ಆ ತಗ್ಗಿನಲ್ಲಿ ಪೈಪು ಮಲಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಕೂರಿಸಿದರೆ ಕೆಲಸ ಮುಗಿಯಿತು. ಗೋಡೆಯೊಳಗೋ ನೆಲದೊಳಗೋ ಒಂದು ಜಾಯಿಂಟ್ ಬಿಟ್ಟಿತೆಂದರೆ ನೀರು ಆ ತೊಟ್ಟಿಗಿಳಿದು ವಾರಗಟ್ಟಲೆ ನಿಲ್ಲುತ್ತದೆ. ಒಂದಿಷ್ಟು ಡಕ್ಟಿನ ಪೈಪಿಗೆ ಹರಿದು ಹೋಗುತ್ತದೆ. ಉಳಿದದ್ದು ಕಾಂಕ್ರೀಟಿನ ಕೂದಲೆಳೆ ಬಿರುಕು ಹುಡುಕಿಕೊಂಡು ಕೆಳಗಿನವರ ಸೂರಿಗೆ ಬರುತ್ತದೆ. ಮೇಲಿನವರ ಟೈಲ್ಸ್ ಒಣಗಿಯೇ ಇರುತ್ತದೆ, ಮೇಲಿನವರ ಮನಸ್ಸಿನ ಹಾಗೆ.

ಇದನ್ನು ಹಿಡಿಯಬೇಕೆಂದರೆ ಹರಿವನ್ನೇ ಅಳೆಯಬೇಕು. ಅಮೆರಿಕದ ಮನೆಗಾದರೆ ಇದು ಸುಲಭ. ಅಲ್ಲಿ ಸಾಮಾನ್ಯವಾಗಿ ನೀರು ಬೀದಿಯಿಂದ ಒಂದೇ ಕೊಳವೆಯಲ್ಲಿ ಒತ್ತಡದೊಂದಿಗೆ ಬರುತ್ತದೆ. ಅದಕ್ಕೊಂದು ಮೀಟರು, ಒಂದು ಮೋಟಾರು ವಾಲ್ವು ಹಾಕಿದರೆ ಇಡೀ ಮನೆ ಹದ್ದುಬಸ್ತಿಗೆ ಬಂದಂತೆ. ಅಂಥ ವಾಲ್ವು ಹಾಕಿಸಿದವರಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡುವ ಕಂಪನಿಗಳೂ ಅಲ್ಲಿವೆ. ನಮ್ಮಲ್ಲಿ ನೀರು ತಾರಸಿಯ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅಡುಗೆಮನೆಗೆ ಒಂದು ಕೊಳವೆ, ಬಚ್ಚಲಿಗೊಂದು ಕೊಳವೆ. ಎಂಜಿನಿಯರರ ಮನೆಗೆ ನೀರು ಬರಲು ನಾಲ್ಕು ದಾರಿ. ಅವರು ನಾಲ್ಕಕ್ಕೂ ಮೀಟರ್ ಹಾಕಿಸಿದರು. ಲೀಟರಿಗೊಂದು ಎಣಿಕೆ ಕಳಿಸುವ ಮೀಟರು, ಎಣಿಕೆಯನ್ನು ಮನೆಯ ವೈಫೈಗೆ ಮುಟ್ಟಿಸುವ ಒಂದು ಸಣ್ಣ ಬೋರ್ಡು. ತಾನೇ ಮುಚ್ಚಿಕೊಳ್ಳುವ ವಾಲ್ವನ್ನು ಹಾಕಿಸಲಿಲ್ಲ. ನಾಲ್ಕು ವಾಲ್ವು ಅಂದರೆ ಖರ್ಚು, ಬೋರ್‌ವೆಲ್ಲಿನ ಗಡಸು ನೀರಿಗೆ ಅವು ಕಚ್ಚಿಕೊಳ್ಳುತ್ತವೆ, ಅಮ್ಮ ಮೈಗೆ ಸೋಪು ಹಚ್ಚಿಕೊಂಡಾಗ ನೀರು ನಿಂತರೆ ಮನೆಯಲ್ಲಿ ರಾಮಾಯಣ. ಮೂರೂ ಒಪ್ಪತಕ್ಕ ಕಾರಣಗಳೇ.

ಸೋರಿಕೆ ಹುಡುಕುವ ಲೆಕ್ಕ ಬಲು ಹಳೆಯದು. ನೀರು ಸರಬರಾಜಿನವರು ಬೀದಿ ಕೊಳವೆಗಳಲ್ಲೂ ಇದನ್ನೇ ಮಾಡುತ್ತಾರೆ: ಊರು ಮಲಗಿದ ಹೊತ್ತಿನಲ್ಲಿ ಎಷ್ಟು ನೀರು ಹರಿಯುತ್ತಿದೆ ನೋಡು. ಮನೆಯಲ್ಲಿ ರಾತ್ರಿ ಎರಡರಿಂದ ನಾಲ್ಕರವರೆಗೆ ಯಾರಾದರೂ ಒಮ್ಮೆ ಶೌಚಕ್ಕೆ ಎದ್ದರೆ ಗೆರೆ ಮೇಲೇರಿ ಮತ್ತೆ ಸೊನ್ನೆಗೆ ಬರಬೇಕು. ಎರಡು ಗಂಟೆಯಲ್ಲಿ ಒಮ್ಮೆಯೂ ಸೊನ್ನೆ ಮುಟ್ಟದಿದ್ದರೆ ಎಲ್ಲೋ ಸೋರುತ್ತಿದೆ. ಎಂಜಿನಿಯರರು ಗಂಟೆಗೆ 5 ಲೀಟರ್ ದಾಟಿದರೆ ಎಚ್ಚರಿಸು ಎಂದು ಮಿತಿ ಇಟ್ಟಿದ್ದರು.

ಜನವರಿ ಮಧ್ಯದಲ್ಲಿ ಒಂದು ಬೆಳಗ್ಗೆ ಮೊಬೈಲಿಗೆ ಸುದ್ದಿ ಬಂತು. ಅತಿಥಿ ಕೋಣೆಯ ಬಚ್ಚಲು, ರಾತ್ರಿ ಹರಿವು ನಿಂತಿಲ್ಲ, ಗಂಟೆಗೆ 12 ಲೀಟರ್. ಮರುದಿನವೂ ಬಂತು, ಅದರ ಮರುದಿನವೂ. ಆ ಬಚ್ಚಲಿಗೆ ಹೋಗಿ ನೋಡಿದರು, ನಲ್ಲಿ ತೊಟ್ಟಿಕ್ಕುತ್ತಿಲ್ಲ, ನೆಲ ಒಣಗಿದೆ. ಪೈಪಿನಲ್ಲಿ ಗಾಳಿ ಸೇರಿ ಮೀಟರಿನ ಚಕ್ರ ತಿರುಗುತ್ತಿರಬಹುದು ಅಂದುಕೊಂಡರು. ಟ್ಯಾಂಕ್ ಖಾಲಿಯಾಗಿ ತುಂಬುವ ಮನೆಗಳಲ್ಲಿ ಹಾಗಾಗುವುದು ಸುಳ್ಳಲ್ಲ. ವಾರ ಕಳೆಯಿತು. ಬೆಳಗಿನ ಮೀಟಿಂಗುಗಳ ನಡುವೆ ಇದೊಂದು ಕಿರಿಕಿರಿಯಾಯಿತು. ಆ್ಯಪ್ ತೆರೆದು ಮಿತಿಯನ್ನು 5ರಿಂದ 15ಕ್ಕೆ ಏರಿಸಿದರು.

ಎಚ್ಚರಿಕೆ ನಿಂತಿತು. ನೀರು ನಿಲ್ಲಲಿಲ್ಲ.

ಮಾರ್ಚ್‌ನಲ್ಲಿ ಟ್ಯಾಂಕರಿನವರು ಫೋನ್ ಎತ್ತುವುದನ್ನು ಬಿಟ್ಟರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದವರು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದು ನೀರಿಗೆ ಹೊತ್ತು ಕಟ್ಟುವ ಮಾತಾಡಿದರು. ಕಾರು ತೊಳೆಯುವ ಹುಡುಗನ ಬಕೆಟ್ಟನ್ನು ಕಾವಲುಗಾರ ಕಸಿದಿಟ್ಟ. ಅದೇ ಹೊತ್ತಿನಲ್ಲಿ ಮೂರನೇ ಮಹಡಿಯ ಗೋಡೆಯೊಳಗೆ ದಿನಕ್ಕೆ 288 ಲೀಟರ್ ಹೋಗುತ್ತಿತ್ತು. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರಿ ಮಾನದಂಡವೇ ಹೇಳುತ್ತದೆ. ಅಂದರೆ ಆ ಗೋಡೆ ಇಬ್ಬರು ಮನುಷ್ಯರ ಪಾಲಿಗಿಂತ ಹೆಚ್ಚು ಕುಡಿಯುತ್ತಿತ್ತು. ಗೋಡೆಗೆ ದಂಡ ಹಾಕುವ ಆದೇಶ ಇನ್ನೂ ಯಾರೂ ಹೊರಡಿಸಿಲ್ಲ.

ಏಪ್ರಿಲ್‌ನಲ್ಲಿ ಶಿಕ್ಷಕಿಯ ಮಲಗುವ ಕೋಣೆಯ ಮೂಲೆಯಲ್ಲಿ ಬಣ್ಣ ಉಬ್ಬಿತು. ಮೊದಲು ಅಂಗೈಯಗಲ, ಆಮೇಲೆ ಬೀರುವಿನ ಹಿಂದಿನವರೆಗೆ. ಬೀರು ಪ್ಲೈವುಡ್ಡಿನದು, ಹಿಂಬದಿ ಉಬ್ಬಿ ಪದರ ಬಿಟ್ಟಿತು. ಒಳಗಿದ್ದ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಬೂಷ್ಟು. ಆ ತಿಂಗಳು ಊರಿಗೆ ಮಳೆಯೇ ಇರಲಿಲ್ಲವಾದ್ದರಿಂದ ಮಳೆಯ ತಲೆಗೆ ಕಟ್ಟುವಂತಿರಲಿಲ್ಲ. ಅವರು ಮೆಟ್ಟಿಲು ಹತ್ತಿ ಮೇಲಿನ ಮನೆಯ ಗಂಟೆ ಒತ್ತಿದರು.

"ನಮ್ಮನೇದಲ್ಲ ಟೀಚರ್. ನಮ್ಮಲ್ಲಿ ಎಲ್ಲಾ ಕಡೆ ಸೆನ್ಸರ್ ಇದೆ. ಸೋರಿದ್ರೆ ನಂಗೆ ಮೊದ್ಲು ಗೊತ್ತಾಗ್ತಿತ್ತು."

"ಅಲ್ಲಪ್ಪಾ, ನಿಮ್ಮ ಬಚ್ಚಲಿನ ಕೆಳಗೇ ಒದ್ದೆ ಆಗಿದೆಯಲ್ಲ?"

"ನಾಲ್ಕನೇ ಮಹಡಿಯಿಂದ ಡಕ್ಟಲ್ಲಿ ಇಳೀತಿರ್ಬೇಕು. ಅಲ್ಲಿ ಕೇಳಿ ನೋಡಿ."

ಈ ಪ್ರಕರಣದಲ್ಲಿ ನನಗೆ ಅತ್ಯಂತ ಕಸಿವಿಸಿ ತಂದದ್ದು ಈ ಮಾತು. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಮಿತಿ ಏರಿಸಿದ್ದು ಅಷ್ಟು ಹೊತ್ತಿಗೆ ಅವರಿಗೇ ಮರೆತುಹೋಗಿತ್ತು. ಬಾಯಿ ಕಟ್ಟಿಸಿದ ಯಂತ್ರದ ಮೌನವನ್ನೇ ಅವರು ಸಾಕ್ಷಿಯಾಗಿ ತಂದು ನಿಲ್ಲಿಸಿದರು. ಕೆಳಗಿನ ಮನೆಯ ಮುದುಕಿಯ ಕಣ್ಣಿಗೆ ಕಂಡ ಗೋಡೆ ಒಂದು ಕಡೆ, ಮೇಲಿನ ಮನೆಯ ಮೊಬೈಲಿನ ಪರದೆ ಇನ್ನೊಂದು ಕಡೆ. ಸಂಘದಲ್ಲಿ ಮೊದಲ ಎರಡು ವಾರ ಗೆದ್ದದ್ದು ಪರದೆ. ಕಾರ್ಯದರ್ಶಿಯ ಮಾತಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ: ಇಬ್ಬರೂ ಕೂತು ಬಗೆಹರಿಸಿಕೊಳ್ಳಿ.

ಬಗೆಹರಿದದ್ದು ಎಂಜಿನಿಯರರ ಆತ್ಮವಿಶ್ವಾಸದಿಂದಲೇ. ತಮ್ಮದು ತಪ್ಪಿಲ್ಲ ಎಂದು ತೋರಿಸಲು ಮೂರು ತಿಂಗಳ ಗ್ರಾಫನ್ನು ಮುದ್ರಿಸಿ ಸಮಿತಿಯ ಮುಂದಿಟ್ಟರು. ಎಲ್ಲೂ ಕೆಂಪು ಗುರುತಿಲ್ಲ. ಸಮಿತಿಯಲ್ಲಿ ನೀರು ಸರಬರಾಜಿನ ಕೆಲಸದಲ್ಲೇ ತಲೆ ನೆರೆತ ಒಬ್ಬ ನಿವೃತ್ತ ಎಂಜಿನಿಯರರಿದ್ದರು. ಅವರು ಕೆಂಪು ಗುರುತು ಹುಡುಕಲಿಲ್ಲ. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಗೆರೆಯ ತಳದ ಮೇಲೆ ಬೆರಳೆಳೆಯುತ್ತ ಹೋದರು. "ಇದ್ಯಾಕ್ರೀ, ಜನವರಿಯಿಂದ ಈಚೆಗೆ ನೆಲಾನೇ ಮುಟ್ಟಿಲ್ಲವಲ್ಲ?"

ಅಂದೇ ಸಂಜೆ ಪರೀಕ್ಷೆ ನಡೆಯಿತು. ಮನೆಯಲ್ಲಿ ಮೀಟರೂ ಆ್ಯಪೂ ಇಲ್ಲದವರಿಗೂ ಉಪಯೋಗಕ್ಕೆ ಬರುವುದರಿಂದ ಅದನ್ನು ಹೇಳಿಬಿಡುತ್ತೇನೆ. ಮೊದಲು ಫ್ಲಷ್ ಟ್ಯಾಂಕಿಗೆ ಒಂದು ಚಮಚ ಅಡುಗೆ ಬಣ್ಣ ಹಾಕಿ ಕಾಲು ಗಂಟೆ ಕಾದರು. ಕಮೋಡಿಗೆ ಬಣ್ಣ ಇಳಿದರೆ ಒಳಗಿನ ರಬ್ಬರು ಸವೆದಿದೆ ಎಂದರ್ಥ; ಸದ್ದಿಲ್ಲದೆ ನೀರು ತಿನ್ನುವುದರಲ್ಲಿ ಅದೇ ಎತ್ತಿದ ಕೈ. ಇಲ್ಲಿ ಬಣ್ಣ ಇಳಿಯಲಿಲ್ಲ. ಆಮೇಲೆ ಬಚ್ಚಲಿನ ಆ್ಯಂಗಲ್ ಕಾಕುಗಳನ್ನು ಒಂದೊಂದಾಗಿ ತಿರುಗಿಸಿ ಮುಚ್ಚಿದರು. ಎಲ್ಲ ಮುಚ್ಚಿದ ಮೇಲೂ ಮೀಟರು ಐದು ನಿಮಿಷಕ್ಕೊಂದು ಲೀಟರ್ ಎಣಿಸುತ್ತಲೇ ಇತ್ತು. ಡಕ್ಟಿನಲ್ಲಿದ್ದ ಆ ಲೈನಿನ ಗೇಟ್ ವಾಲ್ವನ್ನು ತಿರುಗಿಸಿದಾಗ ಎಣಿಕೆ ನಿಂತಿತು. ಮರುದಿನ ಪ್ಲಂಬರ್ ಶವರಿನ ಕೆಳಗಿನ ನಾಲ್ಕು ಟೈಲ್ಸ್ ಒಡೆದ. ಸಿಪಿವಿಸಿ ಎಲ್ಬೋ ಸೀಳಿತ್ತು. ಸೀಳು ಉಗುರಿನಷ್ಟು ಉದ್ದ.

ಎಂಜಿನಿಯರರು ಕೆಟ್ಟವರೇ? ಹಾಗೆಂದು ಹೇಳಲಾರೆ. ಸುಳ್ಳು ಎಚ್ಚರಿಕೆಗಳ ಕಾಟ ಎಂಥದೆಂದು ಇಂಥ ಉಪಕರಣ ಇಟ್ಟುಕೊಂಡ ಎಲ್ಲರಿಗೂ ಗೊತ್ತು. ಹತ್ತು ಸಲ ಸುಮ್ಮನೆ ಕೂಗಿದ್ದನ್ನು ಹನ್ನೊಂದನೇ ಸಲ ಯಾರೂ ಕೇಳಿಸಿಕೊಳ್ಳುವುದಿಲ್ಲ. ಮಿತಿ ಏರಿಸುವುದು ಕೂಡ ಅಪರಾಧವಲ್ಲ, ಉಪಕರಣವನ್ನು ಹದಕ್ಕೆ ತರುವಾಗ ಎಲ್ಲರೂ ಮಾಡುವುದೇ. ಏರಿಸುವ ಮುನ್ನ ಗೇಟ್ ವಾಲ್ವು ಒಮ್ಮೆ ತಿರುಗಿಸಿ, ಮೀಟರು ನಿಲ್ಲುತ್ತದೆಯೇ ಎಂದು ನೋಡಬೇಕಿತ್ತು. ಗಾಳಿಯ ಚೇಷ್ಟೆಯೋ ಸೋರಿಕೆಯೋ ಎಂಬುದು ಹತ್ತು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ನೋಡಿದ್ದರೆ ಗೊತ್ತಾಗುತ್ತಿತ್ತು, ಗೊತ್ತಾಗಿದ್ದರೆ ಟೈಲ್ಸ್ ಒಡೆಸಬೇಕಾಗುತ್ತಿತ್ತು. ಟೈಲ್ಸ್ ಒಡೆಸುವುದು ಯಾರಿಗೆ ಬೇಕು? ಇದಕ್ಕೆ ಜಾಣಗಿವುಡು ಅನ್ನುತ್ತಾರೆ. ಅದು ಯಾವಾಗಲೂ ಇಷ್ಟು ಸಣ್ಣದಾಗಿ, ಒಂದು ಅಂಕಿ ಬದಲಿಸುವಷ್ಟರಲ್ಲೇ ನಡೆದುಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದು ಬಿಲ್ಲು ಇಲ್ಲದಿರುವುದೂ ಇದಕ್ಕೆ ಒತ್ತಾಸೆ. ಟ್ಯಾಂಕರಿನ ಖರ್ಚು 48 ಮನೆಗೆ ಸಮನಾಗಿ ಹಂಚಿಕೆ. ಸೋರಿಸಿದವರಿಗೆ ತಗಲುವುದು 48ರಲ್ಲಿ ಒಂದು ಪಾಲು.

ಮೇಲಿನ ಮಹಡಿಯ ನೀರು ಕೆಳಗಿಳಿದ ವ್ಯಾಜ್ಯ ಇಂದಿನದಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ ರಿಕರ್ಡ್ಸ್ ಮತ್ತು ಲೋಥಿಯನ್ ಮೊಕದ್ದಮೆ 1913ರಲ್ಲಿ ಇತ್ಯರ್ಥವಾಯಿತು. ನಾಲ್ಕನೇ ಮಹಡಿಯ ಕೈತೊಳೆಯುವ ಬೇಸಿನ್ನಿಗೆ ಯಾರೋ ಬೇಕೆಂದೇ ಅಡ್ಡ ತುರುಕಿ, ನಲ್ಲಿ ಪೂರ್ತಿ ತಿರುಗಿಸಿಟ್ಟು ಹೋಗಿದ್ದರು. ರಾತ್ರಿ ಹರಿದ ನೀರು ಎರಡನೇ ಮಹಡಿಯ ಬಾಡಿಗೆದಾರರ ಸರಕನ್ನು ಹಾಳು ಮಾಡಿತು. ಕಟ್ಟಡದಲ್ಲಿ ನಲ್ಲಿ ನೀರು ಇರುವುದು ಸಹಜ ಬಳಕೆ, ಮೂರನೆಯವರ ಕಿಡಿಗೇಡಿತನಕ್ಕೆ ಕಟ್ಟಡ ಹಿಡಿದಿದ್ದವರು ಹೊಣೆಯಲ್ಲ ಎಂದು ತೀರ್ಪಾಯಿತು. ಅದಕ್ಕೂ ಮುಂಚೆ, 1868ರ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಲ್ಲಿ, ತನ್ನ ಜಾಗದಲ್ಲಿ ಜಲಾಶಯ ಕಟ್ಟಿ ನೀರು ಕೂಡಿಟ್ಟವನು ಅದು ತಪ್ಪಿಸಿಕೊಂಡು ಪಕ್ಕದವನ ಗಣಿಗೆ ನುಗ್ಗಿದರೆ ನಷ್ಟ ತುಂಬಿಕೊಡಲೇಬೇಕು ಎಂದಿದ್ದರು. ಜಲಾಶಯಕ್ಕೆ ಒಂದು ನ್ಯಾಯ, ಮನೆಯ ನಲ್ಲಿಗೆ ಇನ್ನೊಂದು. ಮನೆಯ ನಲ್ಲಿಗೆ ಸಿಕ್ಕ ಆ ವಿನಾಯಿತಿಯ ಹಿಂದೆ, ಮಲಗಿದವನಿಗೆ ರಾತ್ರಿ ಗೋಡೆಯೊಳಗೆ ಏನಾಗುತ್ತಿದೆ ಗೊತ್ತಾಗದು ಎಂಬ ಕನಿಕರವೂ ಇದೆ ಎಂದು ನಾನು ಓದಿಕೊಳ್ಳುತ್ತೇನೆ. ಮೀಟರು ಹಾಕಿಸಿಕೊಂಡವರು ಆ ಕನಿಕರವನ್ನು ಕೇಳುವಂತಿಲ್ಲ.

ಹಾಗಾದರೆ ಮೀಟರನ್ನೇ ಹಾಕಿಸದಿರುವುದು ಜಾಣತನವೇ? ಸಂಘದ ಮಹಾಸಭೆ ಹೌದೆಂದೇ ತೀರ್ಮಾನಿಸಿತು. ಎಲ್ಲ ಮನೆಯ ಎಲ್ಲ ಲೈನುಗಳಿಗೂ ಮೀಟರು ಹಾಕಿಸಿ, ರಾತ್ರಿಯ ಹರಿವನ್ನು ಸಂಘವೇ ನೋಡಿಕೊಳ್ಳಲಿ ಎಂಬ ಸೂಚನೆಯನ್ನು ಆ ನಿವೃತ್ತ ಎಂಜಿನಿಯರರು ಮಂಡಿಸಿದರು. ಖರ್ಚಿನ ಮಾತು ಬಂತು, ಡಕ್ಟಿನಲ್ಲಿ ಜಾಗವಿಲ್ಲ ಎಂಬ ಮಾತು ಬಂತು. ಕೊನೆಗೆ ಒಬ್ಬರು ಎದ್ದು, "ಗೊತ್ತಾದ್ರೆ ತಾನೇ ತಾಪತ್ರಯ? ಅವರಿಗೆ ಮೀಟರ್ ಇತ್ತು, ಅದಕ್ಕೇ ಸಿಕ್ಕಿಹಾಕಿಕೊಂಡ್ರು" ಎಂದರು. ಎಲ್ಲರೂ ನಕ್ಕರು. ಸೂಚನೆ ಬಿತ್ತು. ಎಂಜಿನಿಯರರ ತಪ್ಪು ಒಂದು ವಾರದ ಸೋಮಾರಿತನದ್ದು. ಸಭೆ ಮಾಡಿದ್ದು ಕೈ ಎತ್ತಿ, ಎಣಿಸಿ, ನಡಾವಳಿಯಲ್ಲಿ ಬರೆಸಿಕೊಂಡು. ಎರಡರಲ್ಲಿ ದೊಡ್ಡ ತಪ್ಪು ಯಾವುದೆಂದು ಕೇಳಿದರೆ ನಾನು ಸಭೆಯ ಕಡೆಗೇ ಬೆರಳು ತೋರಿಸುತ್ತೇನೆ. ಆ ಕಟ್ಟಡದ ಇನ್ನೆಷ್ಟು ಗೋಡೆಗಳು ಕುಡಿಯುತ್ತಿವೆಯೋ, ನೋಡಬಾರದೆಂದು ಅಲ್ಲಿ ಠರಾವೇ ಆಗಿದೆ.

ಇನ್ನು ಪರಿಹಾರದ ಮಾತು. ಪೈಪಿನ ದುರಸ್ತಿ, ಶಿಕ್ಷಕಿಯ ಕೋಣೆಯ ಬಣ್ಣ ಎರಡನ್ನೂ ಎಂಜಿನಿಯರರು ತಕರಾರಿಲ್ಲದೆ ಮಾಡಿಸಿಕೊಟ್ಟರು. ಬೀರುವಿಗೆ ಚೌಕಾಸಿ ನಡೆದು ಅರ್ಧ ಕೊಟ್ಟರು. ಸೀರೆಯ ಮಾತನ್ನು ಶಿಕ್ಷಕಿಯೇ ಎತ್ತಲಿಲ್ಲ. ನನ್ನ ಲೆಕ್ಕದಲ್ಲಿ ಬೀರುವಿನ ಪೂರ್ತಿ ಬೆಲೆ ಎಂಜಿನಿಯರರದೇ ಹೊಣೆ, ಸೀರೆಯದೂ ಅವರದೇ. ಇನ್ನೊಂದು ಬಾಕಿಯೂ ಇದೆ. ಮೂರು ತಿಂಗಳಲ್ಲಿ ಸೋರಿದ್ದು ಸುಮಾರು 26,000 ಲೀಟರ್, ಅಂದರೆ ದೊಡ್ಡ ಟ್ಯಾಂಕರಿನಲ್ಲಿ ಎರಡು ಲೋಡಿಗೂ ಮಿಗಿಲು. ಆ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ನಿಗದಿ ಮಾಡಿದ ದರ 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ, ತೆರಿಗೆ ಬೇರೆ. ಭಾಗಿಸಿದರೆ ಮನೆಗೆ 45 ರೂಪಾಯಿ. ಚಿಲ್ಲರೆ ಹಣವೆಂದು ಸಂಘ ಅದನ್ನು ಕೇಳಲಿಲ್ಲ. ಕೇಳಬೇಕಿತ್ತು.