ಡಬ್ಬಿಯೊಳಗಿನ ಆನೆ

ಕೋಲಾರದ ನಮ್ಮ ಮೊಹಲ್ಲಾದ ಖಾಲಾ ಒಬ್ಬರು ಒಂದು ದಿನ ಸೆರಗಿನ ಗಂಟು ಬಿಚ್ಚಿ ತಾಮ್ರದ ನಾಣ್ಯವೊಂದನ್ನು ನಮ್ಮ ಅಂಗೈಗಿಟ್ಟರು. "ನಿನಗೆ ಫಾರಸಿ ಅಕ್ಷರ ಬರುತ್ತಲ್ಲ ಬೇಟಾ, ಅಸಲಿಯೋ ನಕಲಿಯೋ ನೋಡಿ ಹೇಳು" ಎಂದರು. ಒಂದು ಬದಿಯಲ್ಲಿ ಆನೆ. ಇನ್ನೊಂದು ಬದಿಯಲ್ಲಿ 'ಜೊಹ್ರಾ' ಎಂಬ ಪದ. ಜೊಹ್ರಾ ಎಂದರೆ ಶುಕ್ರಗ್ರಹ. ಟೀಪು ಸುಲ್ತಾನರ ಪೈಸೆಗೆ ಆ ಹೆಸರಿತ್ತು. ಅವರ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದೂ ನಮಗೆ ಗೊತ್ತಿತ್ತು. ಹೈದರಲಿ ಹುಟ್ಟಿದ ಬೂದಿಕೋಟೆ ನಮ್ಮ ಜಿಲ್ಲೆಯದೇ, ಅವರ ತಂದೆ ಫತೇ ಮುಹಮ್ಮದರ ಗೋರಿ ನಮ್ಮೂರಿನಲ್ಲೇ ಇದೆ. ಈ ಹೆಮ್ಮೆಯೆಲ್ಲ ತಲೆಗೇರಿ "ಅಸಲಿ" ಎಂದುಬಿಟ್ಟೆವು.

ಕೊಳ್ಳಲು ಬಂದವನು ಅಕ್ಷರದತ್ತ ನೋಡಲೂ ಇಲ್ಲ. ಅಂಚಿನ ಮೇಲೆ ಉಗುರು ಎಳೆದು ಎರಕದ ಗೆರೆ ತೋರಿಸಿದ. ಅದು ಟಂಕಿಸಿದ ನಾಣ್ಯವಲ್ಲ, ಅಚ್ಚಿಗೆ ಹೊಯ್ದದ್ದು. ಆ ದುಡ್ಡಿನಲ್ಲಿ ಮೊಮ್ಮಗಳಿಗೆ ನೋಟ್‌ಬುಕ್ಕು ತರುವ ಲೆಕ್ಕ ಹಾಕಿದ್ದ ಖಾಲಾ ನಮ್ಮ ಮುಖ ನೋಡಿದರು.

ಇಂಥ ಕಡೆ ನಾಣ್ಯಕ್ಕೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕುವ ಪದ್ಧತಿ ಬೇಡವೆನ್ನಲು ನಮಗೆ ಬಾಯಿ ಬಾರದು. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಈ ಕೆಲಸ ಶುರುಮಾಡಿದವು. 1ರಿಂದ 70ರವರೆಗಿನ ಅವರ ಅಂಕಕ್ಕೆ ಮೂಲ, ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ತಾಮ್ರದ ಸೆಂಟುಗಳಿಗಾಗಿ ರೂಪಿಸಿದ ಅಳತೆ. ಕ್ಯಾಸಿನೊ ಬಿಲ್ಲೆ ಕೂಡಿಡುವವರ ನಡುವೆಯೂ ಇದೇ ಚರ್ಚೆ ನಡೆದಿದೆ. (ಜೂಜಿನ ಸಹವಾಸ ನಮಗೆ ಬೇಡ, ಪ್ರಶ್ನೆ ಮಾತ್ರ ಒಂದೇ.) ಇನ್ನು ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಟೀಪುವಿನ ಪೈಸೆಗೆ ಆ ದಾರಿ ಮುಚ್ಚಿದೆ.

ಆದರೂ ಆ ಅಂಕದಲ್ಲಿ ಏನೋ ಚುಚ್ಚುತ್ತದೆ. ಚಿನ್ನದ ಮೇಲಿನ 916 ಹಾಲ್‌ಮಾರ್ಕು ಒಡವೆಯಲ್ಲಿ ಎಷ್ಟು ಚಿನ್ನವಿದೆ ಎನ್ನುತ್ತದೆ; ಅದನ್ನು ಎಷ್ಟು ಜನ ತೊಟ್ಟರೆಂದು ಕೇಳುವುದಿಲ್ಲ. ನಾಣ್ಯದ ಅಂಕ ಹಾಗಲ್ಲ. ಯಾರ ಕೈಗೂ ಹೋಗದೆ ಉಳಿದದ್ದಕ್ಕೆ ಹೆಚ್ಚು. ಸಂತೆಯಲ್ಲಿ ರಾಗಿಗೆ ಸಂದು, ಕೂಲಿಯವನ ಸೊಂಟದಲ್ಲಿ ಬೆವರಿ, ದರ್ಗಾದ ಬಾಗಿಲಲ್ಲಿ ಖೈರಾತಾಗಿ ಸವೆದದ್ದಕ್ಕೆ ಕಡಿಮೆ. ನಾಣ್ಯವಾಗಿ ತನ್ನ ಕೆಲಸ ಮಾಡಿದ್ದೇ ಅದರ ತಪ್ಪು! ಅಸಲಿ ಎಂದು ಸಾಕ್ಷಿ ಹೇಳುವುದು ಖಾಲಾರಂಥವರಿಗೆ ಸಲ್ಲಬೇಕಾದ ನ್ಯಾಯ. 63ಕ್ಕೂ 64ಕ್ಕೂ ನಡುವೆ ಬೆಲೆ ಏರಿಸುವುದು ಬೇರೆಯೇ ವ್ಯಾಪಾರ. ಎರಡನ್ನೂ ಒಂದೇ ಡಬ್ಬಿಗೆ ತುಂಬಿದ್ದಾರೆ.

ಶ್ರೀನಿವಾಸಪುರದಲ್ಲಿ ಮಾವು ಕೊಳ್ಳುವವರು ತೊಟ್ಟಿನ ಬಳಿ ಮೂಗಿಟ್ಟು ನೋಡುತ್ತಾರೆ. ಡಬ್ಬಿಯೊಳಗಿನ ನಾಣ್ಯದ ಅಂಚು ಬೆರಳಿಗೆ ಸಿಗದು, ತೂಕ ಅಂಗೈಗೆ ತಿಳಿಯದು. ಆ ವ್ಯಾಪಾರಿಯ ಉಗುರಿಗಿದ್ದ ವಿದ್ಯೆಯನ್ನು ಮುಂದಿನವರು ಎಲ್ಲಿ ಕಲಿಯಬೇಕು?

ಖಾಲಾ ಆ ನಕಲಿ ಪೈಸೆಯನ್ನು ಎಸೆಯಲಿಲ್ಲ. ಮೊಮ್ಮಗಳು ಅದರಲ್ಲೇ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಲು ಕಲಿತಳು. ನಾವು ಮಾತ್ರ ಮೊದಲು ಅಂಚಿನ ಗೆರೆಯನ್ನು ತೋರಿಸಿ, ಆಮೇಲೆ ಅಕ್ಷರಕ್ಕೆ ಬಂದೆವು.