ಕೊನೆಯ ಗದ್ದೆಯ ನೀರು

ಮೇ ತಿಂಗಳು ಬಂತೆಂದರೆ ಹೊರನಾಡ ಕನ್ನಡಿಗರಾದ ನಮ್ಮ ಮನೆಗಳಲ್ಲಿ ಊರಿಗೆ ಹೊರಡುವ ಗಡಿಬಿಡಿ. ಅಕ್ಕನಿಗೆ ಸೀರೆ, ಅವಳ ಮಕ್ಕಳಿಗೆ ತಿಂಡಿ, ಹಿರಿಯರಿಗೆ ಔಷಧಿ. ಈ ಮೂರನೆಯದನ್ನು ನಾವು ಎಂದೂ ಮರೆತವರಲ್ಲ. ಮುಂಬಯಿಯ ಔಷಧಿಗೆ ಊರಲ್ಲಿ ಒಂದು ಹೆಸರಿದೆ. ಕೆಲವು ವರ್ಷಗಳ ಹಿಂದೆ ನಾವು ಹೀಗೆಯೇ, ಮನೆಯಲ್ಲಿ ಯಾರಿಗೋ ಜ್ವರ ಬಂದಾಗ ತಂದು ಅರ್ಧ ಉಳಿದಿದ್ದ ಆಂಟಿಬಯೋಟಿಕ್ ಗುಳಿಗೆಗಳನ್ನು ಒಯ್ದು ಸೋದರಮಾವನವರಿಗೆ ಕೊಟ್ಟು ಬಂದೆವು. ಮುಂದಿನ ವರ್ಷ ಹೋದಾಗ ಅವರು ಸಂತೋಷದಿಂದ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಿಮ್ಮ ಮುಂಬೈ ಗುಳಿಗಿ ಭಾಳ ಚಲೋ ಅದ ನೋಡಪಾ. ಎರಡ ದಿನದಾಗ ಜ್ವರಾ ಇಳೀತು. ಉಳದದ್ದು ಮುಂದಿನ ಸಲಕ್ಕ ಇಟ್ಟೇನಿ." ನಮಗೂ ಸಂತೋಷವಾಯಿತು. ನಾಲ್ಕು ಗುಳಿಗೆ ಹೆಚ್ಚಿಗೆ ಕೊಟ್ಟೇ ಬಂದೆವು.

ಅದಾದ ಎರಡು ವರ್ಷಕ್ಕೆ ಮಾವನವರಿಗೆ ಮೂತ್ರದ ಸೋಂಕು ತಗುಲಿ ಆಸ್ಪತ್ರೆ ಸೇರಿದರು. ಗುಳಿಗೆ ಬದಲಾಯಿಸಿದರೂ ಜ್ವರ ಇಳಿಯಲಿಲ್ಲ. ಕೊನೆಗೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರು. ಆ ಕಾಗದವನ್ನು ನಾವು ಕೈಯಲ್ಲಿ ಹಿಡಿದು ನೋಡಿದೆವು. ಎಡಕ್ಕೆ ಔಷಧಗಳ ಹೆಸರು, ಬಲಕ್ಕೆ ಒಂದೊಂದೇ ಅಕ್ಷರ. 'ಎಸ್' ಎಂದಿದ್ದರೆ ರೋಗಾಣು ಆ ಔಷಧಕ್ಕೆ ಬಗ್ಗುತ್ತದೆ. 'ಆರ್' ಎಂದಿದ್ದರೆ ಬಗ್ಗುವುದಿಲ್ಲ. ಸಾಲಾಗಿ 'ಆರ್', 'ಆರ್', 'ಆರ್'. 'ಎಸ್' ಇದ್ದದ್ದು ಎರಡರ ಮುಂದೆ ಮಾತ್ರ, ಅವೆರಡೂ ಇಂಜೆಕ್ಷನ್ನುಗಳು. 'ಆರ್' ಬಂದ ಹೆಸರುಗಳಲ್ಲಿ ನಾವು ಒಯ್ದು ಕೊಟ್ಟ ಗುಳಿಗೆಯದೂ ಒಂದು. ಇದು ನಮ್ಮಿಂದಲೇ ಆಯಿತೇ ಎಂದು ಡಾಕ್ಟರರನ್ನು ಕೇಳಿದೆವು. ಅವರು, "ಎಲ್ಲಿಂದ ಬಂತು ಅಂತ ಯಾರಿಗೂ ಹೇಳಾಕ ಬರೂದಿಲ್ರಿ" ಎಂದರು. ಮಾವನವರು ಗುಣವಾಗಿ ಮನೆಗೆ ಬಂದರು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಾವೇ ಕಾರಣ ಎನ್ನಲು ಆಧಾರವಿಲ್ಲ. ನಾವು ಕಾರಣರಲ್ಲ ಎನ್ನಲೂ ಆಧಾರವಿಲ್ಲ. ಇಂಥ ತಪ್ಪಿಗೆ ಧರ್ಮಶಾಸ್ತ್ರದಲ್ಲಿ ಯಾವ ಹೆಸರು?

ಕಳ್ಳತನವಾದರೆ ಕಳ್ಳನಿರುತ್ತಾನೆ, ಕಳೆದುಕೊಂಡವನಿರುತ್ತಾನೆ, ಕದ್ದ ವಸ್ತುವಿರುತ್ತದೆ. ಇಲ್ಲಿ ಕಳ್ಳನ ಗುರುತು ಸಿಗದು, ಕಳೆದುಕೊಂಡವನಿಗೆ ತಾನು ಕಳೆದುಕೊಂಡದ್ದೇ ತಿಳಿಯದು. ಆದರೂ ನಷ್ಟ ಸುಳ್ಳಲ್ಲ. 2019ರ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇಂಥ ಸೋಂಕು ಜೊತೆಗೂಡಿದ್ದ ಸಾವುಗಳನ್ನೆಲ್ಲ ಸೇರಿಸಿದರೆ ಲೆಕ್ಕ 49.5 ಲಕ್ಷ.

ಈ ಮಾತನ್ನು ಮೊದಲೇ ಕಂಡವನು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಕೊಡುತ್ತ ಆತ ಒಂದು ಕಟ್ಟುಕಥೆ ಹೇಳಿದ. ಒಬ್ಬನಿಗೆ ಗಂಟಲುನೋವು. ತಾನೇ ಪೆನಿಸಿಲಿನ್ ಕೊಂಡು ತಂದು, ರೋಗಾಣು ಸಾಯುವಷ್ಟಲ್ಲ, ಅದು ಔಷಧವನ್ನು ಎದುರಿಸಲು ಕಲಿಯುವಷ್ಟು ಮಾತ್ರ ತೆಗೆದುಕೊಳ್ಳುತ್ತಾನೆ. ಆ ರೋಗಾಣು ಹೆಂಡತಿಗೆ ಅಂಟುತ್ತದೆ. ಅವಳಿಗೆ ನ್ಯುಮೋನಿಯಾ ಆಗಿ, ಪೆನಿಸಿಲಿನ್ ಕೆಲಸ ಮಾಡದೆ ಸಾಯುತ್ತಾಳೆ. ಅವಳ ಸಾವಿಗೆ ಹೊಣೆ ಯಾರು ಎಂದು ಕೇಳಿ, ಅಜಾಗರೂಕನಾದ ಗಂಡನೇ ಎಂದು ಫ್ಲೆಮಿಂಗ್ ತಾನೇ ಉತ್ತರಿಸಿದ.

ಫ್ಲೆಮಿಂಗನ ಕಥೆಯಲ್ಲಿ ಗಂಡ ಹೆಂಡತಿ ಒಂದೇ ಮನೆಯವರು. ಆದ್ದರಿಂದ ಉತ್ತರ ಸುಲಭವಾಯಿತು. ಆ ಹೆಂಗಸು ನಮ್ಮ ಮನೆಯವಳಲ್ಲದೆ, ನಾವು ಹೆಸರೂ ಕೇಳದ ದೇಶದಲ್ಲಿ, ಇನ್ನು ಇಪ್ಪತ್ತು ವರ್ಷಗಳಾಚೆ ಸಾಯುವವಳಾದರೆ? ಕಾಣದವರ ವಿಷಯದಲ್ಲಿ ತೋರಿದ ಅಜಾಗರೂಕತೆಯೂ ಅಜಾಗರೂಕತೆಯೇ ಅಲ್ಲವೇ? ನಮ್ಮ ಕಾಲದ ನೀತಿಪ್ರಶ್ನೆ ಇದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. "ಈ ಔಷಧ ನನ್ನ ಮೈಗೆ ಒಗ್ಗಿಹೋಗಿದೆ, ಇನ್ನು ಹತ್ತುವುದಿಲ್ಲ" ಎಂದು ನಾವು ಹೇಳುವುದುಂಟು. ಒಗ್ಗಿಹೋಗುವುದು ನಮ್ಮ ಮೈಗಲ್ಲ, ರೋಗಾಣುವಿಗೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಎಲ್ಲೋ ಕೆಲವಕ್ಕೆ ಔಷಧವನ್ನು ತಡೆಯುವ ಶಕ್ತಿ ಆಕಸ್ಮಿಕವಾಗಿ ಬಂದಿರುತ್ತದೆ. ಔಷಧ ಬಿದ್ದಾಗ ದುರ್ಬಲವಾದವು ಸಾಯುತ್ತವೆ; ಖಾಲಿಯಾದ ಜಾಗದಲ್ಲಿ ಈ ಗಟ್ಟಿಗವೇ ವಂಶ ಬೆಳೆಸುತ್ತವೆ. ಅಷ್ಟೇ ಅಲ್ಲ, ಈ ವಿದ್ಯೆಯನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ನೆಗಡಿ, ಫ್ಲೂ ವೈರಸ್‌ನಿಂದ ಬರುವಂಥವು. ಅವಕ್ಕೆ ಆಂಟಿಬಯೋಟಿಕ್ ನುಂಗಿದರೆ ರೋಗಕ್ಕೆ ಏನೂ ಆಗುವುದಿಲ್ಲ, ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಪಾಠವಾಗುತ್ತದೆ.

ಹಾಗಾದರೆ ಅಂಗಡಿಯಲ್ಲಿ ದುಡ್ಡು ಕೊಟ್ಟಾಗ ನಾವು ಕೊಳ್ಳುವುದು ಏನನ್ನು? ಗುಳಿಗೆ ನಮ್ಮದು, ಒಪ್ಪೋಣ. ಆದರೆ ಆ ಗುಳಿಗೆಯೊಳಗಿನ ಗುಣ, ಅದು ಕೆಲಸ ಮಾಡುತ್ತದೆಂಬ ಸಾಮರ್ಥ್ಯ, ನಮ್ಮೊಬ್ಬರದಲ್ಲ. ಅದು ಊರ ಕೆರೆಯ ನೀರಿನಂತೆ. ಕೆರೆಯ ಊರುಗಳಲ್ಲಿ ಹುಟ್ಟಿದವರಿಗೆ ನೀರುಗಂಟಿ ಯಾರೆಂದು ಹೇಳಬೇಕಾಗಿಲ್ಲ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವನ ಕೆಲಸ. ತೂಬಿನ ಹತ್ತಿರದ ಗದ್ದೆಯವನು ಅವನ ಕಣ್ಣು ತಪ್ಪಿಸಿ ರಾತ್ರಿ ಮಡೆ ತೆಗೆದುಕೊಂಡರೆ ಅವನ ಪೈರಿಗೇನೂ ತೊಂದರೆಯಿಲ್ಲ. ಒಣಗುವುದು ಕಾಲುವೆಯ ಕೊನೆಯ ಗದ್ದೆ.

ಈ ಕೆರೆಯನ್ನು ತೋಡಿದವರಾದರೂ ಯಾರು? ಫ್ಲೆಮಿಂಗ್ ಸ್ಕಾಟ್ಲೆಂಡಿನವನು. ಪೆನಿಸಿಲಿನ್ನನ್ನು ಔಷಧವನ್ನಾಗಿ ಮಾಡಿದವರಲ್ಲಿ ಫ್ಲೋರಿ ಆಸ್ಟ್ರೇಲಿಯದವನು, ಚೇನ್ ಜರ್ಮನಿಯಿಂದ ಬಂದ ಯೆಹೂದಿ ನಿರಾಶ್ರಿತ. ಅದನ್ನು ಹೇರಳವಾಗಿ ತಯಾರಿಸುವ ಬಗೆ ಪಳಗಿದ್ದು ಅಮೆರಿಕದಲ್ಲಿ. ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ನಿಂತದ್ದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ. ಅಲ್ಲಿಯೇ ಕನ್ನಡ ನಾಡಿನಿಂದ ಹೋದ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಂಗಡಿಗರು ಶಿಲೀಂಧ್ರ ರೋಗಗಳಿಗೆ ಹಮೈಸಿನ್ ಎಂಬ ಔಷಧ ಕಂಡುಹಿಡಿದರು. ಹಲವು ದೇಶಗಳ ಕೈಗಳು ತೋಡಿದ ಕೆರೆಗೆ ಒಂದೇ ಮನೆಯವರು ಒಡೆಯರಾಗುವುದು ಹೇಗೆ?

ಆದರೆ ಇಲ್ಲಿ ಒಂದು ಬಲವಾದ ಆಕ್ಷೇಪಣೆಯಿದೆ. ಅದನ್ನು ಕೇಳದೆ ಮುಂದೆ ಹೋದರೆ ನಮ್ಮ ಮಾತು ಉಪದೇಶವಾದೀತು. ದಿನಗೂಲಿಯವನು ಒಂದು ದಿನ ಮಲಗಿದರೆ ಆ ದಿನದ ಒಲೆ ಉರಿಯುವುದಿಲ್ಲ. ಡಾಕ್ಟರರ ಫೀಸಿಗಿಂತ ಅಂಗಡಿಯವನು ಕೊಡುವ ಎರಡು ಗುಳಿಗೆ ಅಗ್ಗ. ಅವನಿಗೆ ಸಂಯಮದ ಪಾಠ ಹೇಳಲು ನಮಗೆ ಬಾಯಿದೆಯೇ? ಇಂದಿಗೂ ಸರಿಯಾದ ಔಷಧ ಸಕಾಲಕ್ಕೆ ಸಿಗದೆ ಸಾಯುವವರು ಲಕ್ಷಾಂತರ. ಇನ್ನೊಂದು ಕಡೆ, ಶ್ರೀಮಂತ ದೇಶಗಳು ಕೋಳಿ, ಹಂದಿಗಳನ್ನು ಬೇಗ ಕೊಬ್ಬಿಸಲೆಂದು ದಶಕಗಟ್ಟಲೆ ಈ ಔಷಧಗಳನ್ನು ಮೇವಿನಲ್ಲಿ ಬೆರೆಸಿದವು. ಯುರೋಪಿನ ಒಕ್ಕೂಟ ಇದನ್ನು ಪೂರ್ತಿ ನಿಲ್ಲಿಸಿದ್ದು 2006ರಲ್ಲಿ. ಮನುಷ್ಯರಿಗೆ ಮುಖ್ಯವಾದ ಔಷಧಗಳ ಮಟ್ಟಿಗೆ ಅಮೆರಿಕ ನಿಲ್ಲಿಸಿದ್ದು 2017ರಲ್ಲಿ. ತೂಬಿನ ಪಕ್ಕದವನು ಹೊಟ್ಟೆ ತುಂಬ ನೀರು ಹಾಯಿಸಿಕೊಂಡ ಮೇಲೆ ಕೊನೆಯ ಗದ್ದೆಯವನಿಗೆ ಮಿತವ್ಯಯ ಹೇಳಿದಂತಾಯಿತು ಎಂದರೆ ಇಲ್ಲವೆನ್ನಲಾದೀತೇ?

ಆಕ್ಷೇಪಣೆ ನಿಜ. ಆದರೆ ಅದರಿಂದ ಹೊರಡುವ ತೀರ್ಮಾನ, 'ಅವರು ಕೆಡಿಸಿದರು, ನಾವೂ ಕೆಡಿಸೋಣ' ಎಂಬುದಲ್ಲ. ಹಾಗೆ ಮಾಡಿದರೆ ಮೊದಲು ಒಣಗುವುದು ನಮ್ಮ ಗದ್ದೆಯೇ. ಹೊರಡಬೇಕಾದ ತೀರ್ಮಾನ ಇಷ್ಟು: ಬಡವನಿಗೆ ಸಂಯಮ ಹೇಳುವವನು ಅದರ ಜೊತೆಗೇ ಶುದ್ಧ ನೀರನ್ನೂ ಲಸಿಕೆಯನ್ನೂ ಡಾಕ್ಟರರನ್ನೂ ಒದಗಿಸುವ ಹೊಣೆ ಹೊರಬೇಕು. ಕಾಯುವ ಕೈಯೇ ಕೊಡುವ ಕೈಯೂ ಆಗಬೇಕು.

ಇದು ಬರಿಯ ಮಾತಲ್ಲವೆಂಬುದಕ್ಕೆ ಎರಡು ಹೈದರಾಬಾದುಗಳ ಕಥೆ ಸಾಕು. ಒಂದು ನಮ್ಮದು, ಇನ್ನೊಂದು ಪಾಕಿಸ್ತಾನದ ಸಿಂಧ್ ಪ್ರಾಂತದ್ದು. 2016ರ ನವೆಂಬರಿನಿಂದ ಸಿಂಧದ ಹೈದರಾಬಾದಿನಲ್ಲಿ ಒಂದು ಹೊಸ ಬಗೆಯ ವಿಷಮಶೀತ ಜ್ವರ ಹಬ್ಬತೊಡಗಿತು. ವಾಡಿಕೆಯ ಐದು ಬಗೆಯ ಔಷಧಗಳಿಗೂ ಅದು ಬಗ್ಗಲಿಲ್ಲ. ಬಾಯಿಂದ ನುಂಗುವಂಥದರಲ್ಲಿ ನಂಬಿಗೆಯಿಂದ ಕೊಡಬಹುದಾದದ್ದು ಅಜಿತ್ರೊಮೈಸಿನ್ ಒಂದೇ ಉಳಿಯಿತು. ಚರಂಡಿಯ ಹೊಲಸು ಕುಡಿಯುವ ನೀರಿಗೆ ಸೇರುತ್ತಿದ್ದದ್ದು ಹಬ್ಬಲು ದಾರಿಯಾಗಿತ್ತು. ಪ್ರವಾಸಿಗಳ ಜೊತೆ ಅದು ಇಂಗ್ಲೆಂಡ್, ಅಮೆರಿಕಗಳಿಗೂ ಹೋಯಿತು. ಅದನ್ನು ಎದುರಿಸಲು ಅಲ್ಲಿಯ ಮಕ್ಕಳಿಗೆ ಹಾಕಿದ ಲಸಿಕೆ ತಯಾರಾದದ್ದು ಎಲ್ಲಿ? ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ಕಾರ್ಖಾನೆಯಲ್ಲಿ. 2019ರ ನವೆಂಬರಿನಲ್ಲಿ, ಗಾವಿ ಎಂಬ ಅಂತರರಾಷ್ಟ್ರೀಯ ಲಸಿಕಾ ಒಕ್ಕೂಟದ ನೆರವಿನಿಂದ, ಪಾಕಿಸ್ತಾನ ಈ ಬಗೆಯ ಲಸಿಕೆಯನ್ನು ತನ್ನ ದಿನನಿತ್ಯದ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿಕೊಂಡ ಮೊದಲ ದೇಶವಾಯಿತು. ಅದೇ ವರ್ಷ ಎರಡು ದೇಶಗಳ ನಡುವೆ ಎಂಥ ಬಿಗುವಿತ್ತೆಂಬುದನ್ನು ಓದುಗರು ಮರೆತಿರಲಾರರು. ಜ್ವರ ಬರದ ಮಗುವಿಗೆ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಕೆರೆಯ ನೀರು ಅಷ್ಟು ಉಳಿಯುತ್ತದೆ.

ಇನ್ನೊಂದು ಕಥೆ ಇಬ್ಬರು ಹೆಣ್ಣುಮಕ್ಕಳದು. ಮುಂಬಯಿಯ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕದ ಫುಮೆಝಾ ಟಿಸಿಲೆ. ಇಬ್ಬರಿಗೂ ಕ್ಷಯ, ಇಬ್ಬರೂ ಗುಣವಾದರು. ಆದರೆ ಆ ಚಿಕಿತ್ಸೆಯ ಇಂಜೆಕ್ಷನ್ನುಗಳಿಂದ ಇಬ್ಬರ ಶ್ರವಣಶಕ್ತಿಯೂ ಹೋಯಿತು. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಹೊಸ ಗುಳಿಗೆ ಬಂದಿತ್ತು. ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆ ಅದರ ಪೇಟೆಂಟನ್ನು 2023ರ ಆಚೆಗೂ ಇನ್ನು ನಾಲ್ಕು ವರ್ಷ ಚಾಚಲು ಭಾರತದಲ್ಲಿ ಅರ್ಜಿ ಹಾಕಿತ್ತು. ಈ ಇಬ್ಬರೂ 2019ರಲ್ಲಿ ಅದಕ್ಕೆ ತಕರಾರು ಸಲ್ಲಿಸಿದರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಸಂಸ್ಥೆಯ ಅರ್ಜಿಯನ್ನು ತಳ್ಳಿಹಾಕಿತು. ಅಗ್ಗದ ಗುಳಿಗೆಗೆ ದಾರಿ ತೆರೆಯಿತು. ತಮಗೆ ಹೋದ ಕಿವಿ ಅದರಿಂದ ಮರಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುಂದೆ ಬರುವ, ತಾವು ಕಾಣದ ರೋಗಿಯ ಪರವಾಗಿ ಅವರು ನಿಂತರು. ನಾವು ಮೇಲೆ ಕೇಳಿದ ಪ್ರಶ್ನೆಗೆ ಇದೇ ಉತ್ತರವೆಂದು ನಮಗೆ ತೋರುತ್ತದೆ. ಕಾಣದವರಿಗೆ ಕೇಡು ಮಾಡುವುದು ಸಾಧ್ಯವಾದರೆ, ಕಾಣದವರಿಗೆ ಒಳಿತು ಮಾಡುವುದೂ ಸಾಧ್ಯ.

ಜಗತ್ತಿನ ಈ ಕೆರೆಗೆ ನೀರುಗಂಟಿ ಯಾರು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಜಾಗತಿಕ ಕಾರ್ಯಯೋಜನೆ ರೂಪಿಸಿತು. 2017ರಲ್ಲಿ ಭಾರತವೂ ತನ್ನದೊಂದನ್ನು ಮಾಡಿತು. 2019ರಲ್ಲಿ ಕೊಲಿಸ್ಟಿನ್ ಎಂಬ ಕಡೆಗಾಲದ ಔಷಧವನ್ನು ಕೋಳಿ, ದನಕರುಗಳಿಗೆ ಕೊಡುವುದನ್ನು ನಿಷೇಧಿಸಿತು. 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಾಷ್ಟ್ರಗಳು ಸೇರಿ, ಈ ಸಾವುಗಳನ್ನು 2030ರೊಳಗೆ ನೂರಕ್ಕೆ ಹತ್ತರಷ್ಟು ಇಳಿಸುವ ಸಂಕಲ್ಪ ಮಾಡಿದವು. ಆದರೆ ಸಂಕಲ್ಪ ಮುರಿದವರಿಗೆ ದಂಡ ಹಾಕುವ ಅಧಿಕಾರ ಯಾರಿಗೂ ಇಲ್ಲ. ಇಲ್ಲಿಯ ನೀರುಗಂಟಿಗೆ ಕೈಯಲ್ಲಿ ಕೋಲಿಲ್ಲ, ಬಾಯಲ್ಲಿ ಮಾತು ಮಾತ್ರ ಇದೆ. ಕೋಲಿಲ್ಲದ ಕಡೆ ನಡೆಯುವುದು ನಮ್ಮ ನಮ್ಮ ಮನಸ್ಸಾಕ್ಷಿ, ಮತ್ತು ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ.

ನಮ್ಮ ಹಿರಿಯರು ಮನುಷ್ಯ ಮೂರು ಋಣ ಹೊತ್ತು ಹುಟ್ಟುತ್ತಾನೆಂದರು. ಅವುಗಳಲ್ಲಿ ಪಿತೃಋಣದ ರೀತಿ ವಿಚಿತ್ರ. ಸಾಲ ಕೊಟ್ಟವರು ಹಿಂದಿನವರು. ತೀರಿಸಬೇಕಾದದ್ದು ಮುಂದೆ ಹುಟ್ಟುವವರನ್ನು ಬೆಳೆಸಿ. ಔಷಧದ ಗುಣವೂ ನಮಗೆ ಹಾಗೆಯೇ ಬಂದ ಸಾಲ. ನಮ್ಮ ಅಜ್ಜಂದಿರ ಕಾಲದಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಕೀವಾಗಿ ಸತ್ತವರಿದ್ದರು. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಅದು ಮರಳಬಾರದು.

ಈ ಮೇ ತಿಂಗಳಲ್ಲಿಯೂ ನಾವು ಊರಿಗೆ ಹೋಗಿದ್ದೆವು. ಹೊರಡುವ ಮುನ್ನ ಮಾವನವರ ಫೋನು ಬಂತು: "ಗುಳಿಗಿ ತರತೀ ಏನಪಾ?" ಕೆಂಪು ಗೆರೆಯಿರುವ ಯಾವ ಗುಳಿಗೆಯನ್ನೂ ಡಾಕ್ಟರರ ಚೀಟಿಯಿಲ್ಲದೆ ತರುವುದಿಲ್ಲವೆಂದು ಹೇಳಿದೆವು. ಎಷ್ಟು ದಿನ ಎಂದು ಅವರು ಬರೆದಿರುತ್ತಾರೋ ಅಷ್ಟು ದಿನ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬರಿಗೈಯಲ್ಲಿ ಹೋದೆವೆಂದು ತಿಳಿಯಬೇಡಿ. ಮಾವನವರನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ತಾಲೂಕಿನ ಆಸ್ಪತ್ರೆಗೆ ಹೋಗಿ, ಅರ್ಧ ದಿನ ಸಾಲಿನಲ್ಲಿ ಕೂತು ತೋರಿಸಿಕೊಂಡು ಬಂದೆವು. ಡಾಕ್ಟರರು ನೋಡಿ ಔಷಧಿಯೇನೂ ಬೇಡ ಎಂದರು. ಮಾವನವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಗುಳಿಗೆ ಕೊಟ್ಟು ಬರುವುದಕ್ಕಿಂತ ಅರ್ಧ ದಿನ ಕೊಡುವುದು ಕಷ್ಟ. ಇಷ್ಟು ವರ್ಷ ನಾವು ಸುಲಭವಾದದ್ದನ್ನೇ ಕೊಟ್ಟುಕೊಂಡು ಬಂದಿದ್ದೆವು.